ಮುಖ ಗೊತ್ತು, ಹೆಸರು ಗೊತ್ತಿಲ್ಲ

ದಿನಾ ಒಂದೇ ಬಸ್ಸು ಹಿಡಿದರೆ ಅರ್ಧ ಬಸ್ಸಿನವರ ಮುಖ ತಾನಾಗಿ ಪರಿಚಯವಾಗುತ್ತದೆ. ಯಾರಿಗೆ ಕಿಟಕಿ ಸೀಟೇ ಬೇಕು, ಯಾರು ಕೂತ ತಕ್ಷಣ ನಿದ್ದೆಗೆ ಜಾರುತ್ತಾರೆ, ಎಲ್ಲ ಗೊತ್ತು. ಒಂದು ವಾರ ಕಾಣದಿದ್ದರೆ ಕಣ್ಣು ಹುಡುಕುತ್ತದೆ. ಮಾತು ಮಾತ್ರ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಮಿಲ್‌ಗ್ರಾಮ್ 1972ರಲ್ಲಿ ಇಂಥವರ ಬಗ್ಗೆಯೇ ಬರೆದರು. ಅವರ ವಿದ್ಯಾರ್ಥಿಗಳು ನಿಲ್ದಾಣದಲ್ಲಿ ರೈಲಿಗೆ ಕಾಯುವವರ ಫೋಟೋ ತೆಗೆದು, ಆಮೇಲೆ ಅದನ್ನು ಅಲ್ಲಿಯವರಿಗೇ ಹಂಚಿ, ಇದರಲ್ಲಿ ಯಾರನ್ನು ಬಲ್ಲಿರಿ ಅಂತ ಕೇಳಿದರು. ನೋಡಿ ಗೊತ್ತು, ಮಾತಾಡಿಲ್ಲ ಅನ್ನುವವರು ಒಬ್ಬೊಬ್ಬರಿಗೆ ಸರಾಸರಿ 4 ಜನ ಸಿಕ್ಕರು. ಮಿಲ್‌ಗ್ರಾಮ್ ಹೇಳಿದ ಇನ್ನೊಂದು ವಿಷಯ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಇಂಥವರು ದಿನದ ಜಾಗ ಬಿಟ್ಟು ದೂರ ಎಲ್ಲೋ ಎದುರಾದರೆ ಮಾತಾಡುವುದು ಸಲೀಸು.

ನಾನು ಮಾಡಿದ್ದೂ ಅಷ್ಟೇ. ಬಸ್ಸಲ್ಲಿ ಸುಮ್ನೆ ಇದ್ದೆ, ಹೊರಗೆ ಸಿಕ್ಕಾಗ ಮಾತಾಡಿಸಿದೆ.

ಆದರೆ ಹೊರಗೆ ಸಿಕ್ಕವರು ಯಾರು ಅಂತ ಹೊಳೆಯಬೇಕಲ್ಲ! ಅಷ್ಟಾಗಿ ಪರಿಚಯ ಇಲ್ಲದವರ ಮುಖವನ್ನು ನಾವು ಕೂದಲು, ತಲೆಯ ಆಕಾರ ನೋಡಿಯೇ ಹೆಚ್ಚಾಗಿ ಗುರುತಿಡುತ್ತೇವೆ. ಹತ್ತಿರದವರದ್ದಾದರೆ ಕಣ್ಣು, ಮೂಗು, ಬಾಯಿ. ಅದಕ್ಕೇ ಬಸ್ಸಿನವರು ಕೂದಲು ಕತ್ತರಿಸಿಕೊಂಡು ಬಂದರೆ ಹೊಸಬರ ಹಾಗೆ ಕಾಣುತ್ತಾರೆ. ನಾನು ಹೆಸರಿಗಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ, ಜಾಗ ಹುಡುಕುತ್ತೇನೆ. ಬಸ್ಸಾ, ಲಿಫ್ಟಾ, ಔಷಧಿ ಅಂಗಡಿಯಾ? ನಡಿಗೆ ನೋಡಿದರೆ ಎಷ್ಟೋ ಸಲ ತಟ್ಟನೆ ಹೊಳೆಯುತ್ತದೆ.

ಬ್ಯಾಂಕಿನ ಸಾಲಿನಲ್ಲಿ ಒಬ್ಬರು ನನ್ನ ಹಿಂದೆಯೇ ನಿಂತಿದ್ದರು. ಅವರೂ ನೋಡಿದರು, ನಾನೂ ನೋಡಿದೆ. “ನಾನು ಎಂಟೂವರೆ ಬಸ್ಸಿಗೆ ಬರ್ತೀನಿ, ನೀವೂ ಅದಕ್ಕೇ ಅಲ್ವಾ?” ಅಂದೆ. “ಅದೇ ಅಂದ್ಕೊಂಡೆ, ಎಲ್ಲೋ ನೋಡಿದೀನಿ ಅಂತ!” ಅಂತ ನಕ್ಕರು.

ಇಲ್ಲಿ ಒಂದು ಎಚ್ಚರ ಬೇಕು. ಮೊದಲು ನಮ್ಮ ವಿಷಯ ಹೇಳಬೇಕು. “ನೀವು ದಿನಾ ಮೂರನೇ ಸೀಟಲ್ಲಿ ಕೂತು ನಿದ್ದೆ ಮಾಡ್ತೀರಿ” ಅಂತ ಶುರು ಮಾಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಅಷ್ಟೆಲ್ಲ ಗಮನಿಸಿದ್ದರೂ ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಮರುದಿನ ಬಸ್ಸಲ್ಲಿ ತಲೆ ಆಡಿಸಿದರೆ ಸಾಕು. ಪಕ್ಕ ಹೋಗಿ ಕೂರಲೇಬೇಕು ಅಂತಿಲ್ಲ. ಬೆಳಿಗ್ಗೆ ಅವರಿಗೆ ನಿದ್ದೆ ಬೇಕು, ನನಗೆ ಪೇಪರ್ ಓದಬೇಕು. ಹೆಸರು ಕೇಳಿಕೊಂಡಿದ್ದು ಎಷ್ಟೋ ದಿನ ಆದಮೇಲೆ, ಅದೂ ಬಸ್ಸು ಕೆಟ್ಟು ನಿಂತಾಗ.