ಜಿನುಗುವ ಮಣ್ಣಿನ ಟೀಪಾಟ್‌ಗೆ ಗಂಜಿ ಕುಡಿಸಿದ್ದು: ನನ್ನ ಅನುಭವ

ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಇಲ್ಲದ ಕೆಂಪು ಮಣ್ಣಿನ ಟೀಪಾಟ್‌ಗೆ ಬಿಸಿನೀರು ಹೊಯ್ದ ಹತ್ತೇ ನಿಮಿಷಕ್ಕೆ ತಳದ ಸುತ್ತ ಒದ್ದೆ ಉಂಗುರ ಮೂಡಿದರೆ ಅದು ಒಡೆದಿದೆ ಎಂದು ಬಿಸಾಡಬೇಡಿ. 900–1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಮಣ್ಣು ಗಟ್ಟಿಯಾಗುತ್ತದೆ, ಆದರೆ ಅದರ ಕಣಗಳು ಕರಗಿ ಗಾಜಿನಂತೆ ಬೆಸೆದುಕೊಳ್ಳುವುದಿಲ್ಲ. ನಡುವೆ ಉಳಿದ ಸಂದಿಗಳಿಂದ ನೀರು ಹೊರಮೈಗೆ ಒಸರುತ್ತದೆ. ಬೇಸಿಗೆಯಲ್ಲಿ ಮಡಕೆ ನೀರನ್ನು ತಣ್ಣಗಿಡುವುದೂ ಇದೇ ಗುಣ.

ಮೊದಲು ತಿಳಿಯಬೇಕಾದದ್ದು, ಜಿನುಗುತ್ತಿರುವುದು ಮಣ್ಣಿನ ಮೈಯೋ ಬಿರುಕೋ ಎಂದು. ಒಣಗಿದ ಪಾಟನ್ನು ಅಂಗೈ ಮೇಲಿಟ್ಟು ಮುಚ್ಚಳ ತೆಗೆದು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಸರಿ, ದಬ್ ಎಂದರೆ ಅನುಮಾನ. ಆಮೇಲೆ ಹೊರಮೈಗೆಲ್ಲ ಸೀಮೆಸುಣ್ಣದ ಪುಡಿ ಸವರಿ ಒಳಗೆ ನೀರು ತುಂಬಿಸಿ. ಪುಡಿ ಎಲ್ಲ ಕಡೆ ನಿಧಾನವಾಗಿ ಮಂಕಾದರೆ ಮೈ ಒಸರುತ್ತಿದೆ. ಕೂದಲೆಳೆಯಂತೆ ಒಂದು ಗೆರೆ ಮೊದಲು ಕಾಣಿಸಿಕೊಂಡರೆ ಅದು ಬಿರುಕು. ಮೂತಿ ಮತ್ತು ಹಿಡಿಯನ್ನು ಅಂಟಿಸಿದ ಜಾಗಗಳನ್ನು ವಿಶೇಷವಾಗಿ ನೋಡಿ. ತಳಕ್ಕೆ ಉದ್ದ ಬಿರುಕು ಬಿದ್ದ ಪಾಟ್‌ಗೆ ಕುದಿನೀರು ಹಾಕುವುದು ಅಪಾಯ. ಅದಕ್ಕೆ ಮುಂದೆ ಹೇಳುವ ಗಂಜಿಯ ಮದ್ದು ಸಲ್ಲದು.

ಎಷ್ಟು ಸೋರುತ್ತದೆ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಅಡುಗೆಮನೆಯ ತಕ್ಕಡಿ ಸಾಕು. ನನ್ನ ಪಾಟ್ ಒಣಗಿದ್ದಾಗ 412 ಗ್ರಾಂ ಇತ್ತು. ಒಂದು ದಿನ ನೀರಿನಲ್ಲಿ ಮುಳುಗಿಸಿ, ಹೊರಗಿನ ತೇವ ಒರೆಸಿ ತೂಗಿದಾಗ 468 ಗ್ರಾಂ. ಅಂದರೆ 56 ಗ್ರಾಂ ನೀರನ್ನು ಮಣ್ಣೇ ಕುಡಿದಿದೆ, ತೂಕದ ಶೇ 13.6. ಒಣ ಪಾಟ್‌ಗೆ ನೀರು ತುಂಬಿಸಿ ‘ಇಷ್ಟು ಕಡಿಮೆಯಾಯಿತು, ಇಷ್ಟು ಸೋರಿತು’ ಎನ್ನುವವರು ಇಲ್ಲಿಯೇ ತಪ್ಪುತ್ತಾರೆ. ಮಣ್ಣು ಕುಡಿದದ್ದು ಬೇರೆ, ಹೊರಗೆ ಬಂದದ್ದು ಬೇರೆ. ನೆನೆಸಿದ ಪಾಟ್‌ಗೆ 400 ಮಿಲಿಲೀಟರ್ ನೀರು ತುಂಬಿಸಿ ಮುಚ್ಚಳ ಮುಚ್ಚಿ ತೂಗಿ. ಒಂದು ಗಂಟೆ ತಟ್ಟೆಯ ಮೇಲಿಟ್ಟು, ತಳ ಒರೆಸಿ ಮತ್ತೆ ತೂಗಿ. ನನಗೆ ಬಂದ ವ್ಯತ್ಯಾಸ 11 ಗ್ರಾಂ.

ಹೊಸ ಮಡಕೆಯನ್ನು ಅಕ್ಕಚ್ಚು, ಗಂಜಿ ಹಾಕಿ ಪಳಗಿಸುವುದು ನಮ್ಮಲ್ಲಿ ಗೊತ್ತಿರುವ ವಿದ್ಯೆ. ಜಪಾನಿನಲ್ಲಿಯೂ ಹೊಸ ಮಣ್ಣಿನ ಅಡುಗೆ ಪಾತ್ರೆಯಲ್ಲಿ ಮೊದಲು ಅಕ್ಕಿ ಗಂಜಿ ಬೇಯಿಸುತ್ತಾರೆ. ಅಲ್ಲಿನ ಹಗಿ ಎಂಬ ಊರಿನ ಪಾತ್ರೆಗಳು ಗ್ಲೇಜ್ ಇದ್ದೂ ಹೊಸದರಲ್ಲಿ ಜಿನುಗುವುದುಂಟು, ಬಳಸುತ್ತ ಬಳಸುತ್ತ ಚಹಾ ಇಳಿದು ಬಣ್ಣ ಬದಲಾಗುತ್ತದೆ. ಟೀಪಾಟ್‌ಗೆ ನಾನು ಮಾಡಿಕೊಂಡ ಬದಲಾವಣೆ ಎರಡು: ಬೆಂದ ಗಂಜಿಯ ಬದಲು ಹಸಿ ಹಿಟ್ಟಿನ ನೀರು, ಉರಿಯ ಬದಲು ಹಬೆ.

ಕಾರಣ ಇದು. ಬೆಂದ ಗಂಜಿ ಆಗಲೇ ಮಂದ, ಸಂದಿಯೊಳಗೆ ಆಳಕ್ಕೆ ಇಳಿಯುವುದಿಲ್ಲ. ಹಸಿ ಹಿಟ್ಟಿನ ನೀರು ತೆಳ್ಳಗಿರುತ್ತದೆ, ಒಣ ಮಣ್ಣು ಅದನ್ನು ತಾನಾಗಿ ಎಳೆದುಕೊಳ್ಳುತ್ತದೆ. 70 ಡಿಗ್ರಿಯ ಆಸುಪಾಸಿನಲ್ಲಿ ಪಿಷ್ಟ ಉಬ್ಬಿ ಅಂಟಾಗಿ ಸಿಕ್ಕಿಕೊಂಡಲ್ಲೇ ಕೂರುತ್ತದೆ. ಆದ್ದರಿಂದ ಪಾಟ್ ಪೂರ್ತಿ ಒಣಗಿರಲೇಬೇಕು: ನೆರಳಲ್ಲಿ ಎರಡು ದಿನ, ಬಿಸಿಲಲ್ಲಿ ಒಂದು ದಿನ, ತೂಕ ಮತ್ತೆ 412ಕ್ಕೆ ಇಳಿಯುವವರೆಗೆ. ಸಂದಿಯಲ್ಲಿ ನೀರು ತುಂಬಿದ್ದರೆ ಹಿಟ್ಟಿಗೆ ಜಾಗವೆಲ್ಲಿ? ಗಂಜಿ ಹಾಕಿಯೂ ಸೋರುತ್ತದೆ ಎನ್ನುವವರಲ್ಲಿ ಹೆಚ್ಚಿನವರು ತೊಳೆದ ಕೂಡಲೇ ಗಂಜಿ ಹಾಕಿರುತ್ತಾರೆ.

ಬೆಳ್ತಿಗೆ ಅಕ್ಕಿ 20 ಗ್ರಾಂ, ನಾಲ್ಕು ಗಂಟೆ ನೆನೆಸಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಪಂಚೆಯ ಬಟ್ಟೆಯಲ್ಲಿ ಸೋಸಿ, ಒಟ್ಟು ಅರ್ಧ ಲೀಟರ್ ಮಾಡಿಕೊಳ್ಳಿ. ಕುಚ್ಚಲಕ್ಕಿ ಬೇಡ, ಒಮ್ಮೆ ಬೆಂದು ಒಣಗಿದ ಅಕ್ಕಿಯ ಪಿಷ್ಟ ಹೀಗೆ ಉಬ್ಬುವುದಿಲ್ಲ. ಮೈದಾ ಹುಳಿ ವಾಸನೆ ಬಿಡುತ್ತದೆ. ಈ ನೀರನ್ನು ಪಾಟ್‌ನ ಅಂಚಿನವರೆಗೆ ತುಂಬಿಸಿ ಒಂದು ಗಂಟೆ ಬಿಡಿ. ಹಿಟ್ಟು ತಳಕ್ಕೆ ಕೂರುತ್ತದೆ, ಹತ್ತು ನಿಮಿಷಕ್ಕೊಮ್ಮೆ ಮರದ ಸೌಟಿನ ಹಿಡಿಯಿಂದ ಕದಡುತ್ತಿರಬೇಕು. ಇಳಿದಷ್ಟು ಮತ್ತೆ ತುಂಬಿಸಿ.

ಅನಂತರ ಇಡ್ಲಿ ಪಾತ್ರೆಯಲ್ಲಿ ಎರಡು ಇಂಚು ತಣ್ಣೀರು, ಅದರ ಮೇಲೆ ಸ್ಟ್ಯಾಂಡ್, ಸ್ಟ್ಯಾಂಡ್ ಮೇಲೆ ಮಡಚಿದ ಬಟ್ಟೆ, ಬಟ್ಟೆಯ ಮೇಲೆ ಪಾಟ್. ಸಣ್ಣ ಉರಿ. ಹಬೆ ಬಂದ ಮೇಲೆ 45 ನಿಮಿಷ. ಗ್ಯಾಸ್ ಉರಿಯ ಮೇಲೆ ಪಾಟನ್ನು ನೇರವಾಗಿ ಇಡಲೇಬೇಡಿ, ತಳ ಒಂದು ಕಡೆ ಮಾತ್ರ ಕಾದು ಸೀಳುತ್ತದೆ. ಒಲೆ ಆರಿಸಿ, ಮುಚ್ಚಳ ತೆಗೆಯದೆ ಅಲ್ಲೇ ಪೂರ್ತಿ ಆರಲು ಬಿಡಿ. ಗಂಜಿ ಚೆಲ್ಲಿ ಬಿಸಿನೀರಲ್ಲಿ ಎರಡು ಸಲ ಗಲಬರಿಸಿ. ಮೂತಿಯ ಬುಡದ ಜಾಲರಿ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಇಲ್ಲದಿದ್ದರೆ ಅಲ್ಲೇ ಒಣಗಿ ಕಲ್ಲಾಗುತ್ತದೆ. ಸೋಪು, ಪಾತ್ರೆ ಉಜ್ಜುವ ತಂತಿ ಮುಟ್ಟಿಸಬೇಡಿ. ಬೋರಲಾಗಿಸಿ ಮೂರು ದಿನ ಒಣಗಿಸಿ.

ಮೊದಲ ಸಲದ ನಂತರ ನನ್ನ ಪಾಟ್ 414 ಗ್ರಾಂ ತೂಗಿತು, ಸೋರಿಕೆ ಗಂಟೆಗೆ 4 ಗ್ರಾಂಗೆ ಇಳಿಯಿತು. ಎರಡನೆಯ ಸಲಕ್ಕೆ 2, ಮೂರನೆಯ ಸಲಕ್ಕೆ ಒಂದು ಗ್ರಾಂಗಿಂತ ಕಡಿಮೆ. ಆ ಬಳಿಕ ಬರಿ ತೇವ, ಹನಿ ಇಲ್ಲ. ನಾಲ್ಕನೆಯ ಸಲ ಮಾಡಿದ್ದರಿಂದ ಏನೂ ಬದಲಾಗಲಿಲ್ಲ.

ಹಾಲಿನಲ್ಲಿ ಕುದಿಸುವ ವಿಧಾನವೂ ಕೆಲಸ ಮಾಡುತ್ತದೆ, ಆದರೆ ನಮ್ಮ ಸೆಕೆಗೆ ವಾಸನೆ ಹಿಡಿಯುವುದು ಬೇಗ. ಜೇನುಮೇಣ 62–64 ಡಿಗ್ರಿಗೇ ಕರಗುತ್ತದೆ. 90 ಡಿಗ್ರಿಯ ಚಹಾದಲ್ಲಿ ತೇಲುತ್ತದೆ. ಅಡುಗೆ ಎಣ್ಣೆ ಕಮಟು ವಾಸನೆ ಹಿಡಿಯುತ್ತದೆ. ಪೇಂಟ್ ಅಂಗಡಿಯ ಸೀಲರ್, ಎಪಾಕ್ಸಿ ಇವನ್ನು ಕುಡಿಯುವ ಬಿಸಿ ಪದಾರ್ಥದ ಪಾತ್ರೆಗೆ ಹಚ್ಚಬಾರದು.

ಇಂಥ ಪಾಟ್‌ನಲ್ಲಿ ಹಾಲು, ಸಕ್ಕರೆ ಹಾಕಿದ ಚಹಾ ಮಾಡಬೇಡಿ. ಕಪ್ಪು ಚಹಾ ಮಾತ್ರ ಸೋಸಿಕೊಂಡು ಹಾಲನ್ನು ಲೋಟದಲ್ಲಿ ಬೆರೆಸಿ. ಕುದಿನೀರು ಹೊಯ್ಯುವ ಮುನ್ನ ಬೆಚ್ಚನೆಯ ನೀರಲ್ಲಿ ಗಲಬರಿಸಿಕೊಳ್ಳಿ. ಬೋರ್‌ವೆಲ್ ನೀರಾದರೆ ಹೊರಮೈಗೆ ಬಿಳಿ ಉಪ್ಪು ಬರುತ್ತದೆ. ಒಣ ಬ್ರಷ್‌ನಿಂದ ಉದುರಿಸಿ, ಸೋಸಿದ ನೀರು ಬಳಸಿ. ಮುಚ್ಚಳ ಹಾಕಿ ಒದ್ದೆಯಾಗಿ ಎತ್ತಿಟ್ಟರೆ ಪಿಷ್ಟಕ್ಕೆ ಬೂಸು ಬರುವುದು ಖಂಡಿತ. ಬಂದರೆ ಅಡುಗೆ ಸೋಡಾ ಹಾಕಿದ ನೀರನ್ನು ತುಂಬಿಸಿ, ಅದೇ ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆಯಾಡಿಸಿ, ತೊಳೆದು ಬಿಸಿಲಿಗಿಟ್ಟು, ಗಂಜಿಯನ್ನು ಮೊದಲಿನಿಂದ ಕುಡಿಸಬೇಕು. ತಿಂಗಳುಗಟ್ಟಲೆ ಬಳಸದೆ ಇಟ್ಟ ಪಾಟ್‌ಗೂ ಒಂದು ಸಲ ಗಂಜಿ ಬೇಕಾಗಬಹುದು; ತಕ್ಕಡಿಯಲ್ಲಿ ಒಂದು ಗಂಟೆಯ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.