ಒಂದೇ ಮನೆ, ಎರಡು ಹಿತ: ಟ್ರಸ್ಟಿಯಾಗಿ ನನ್ನ ಅನುಭವ

ದಿವಂಗತ ಸ್ನೇಹಿತರೊಬ್ಬರು ಬರೆದಿಟ್ಟ ಕುಟುಂಬ ಟ್ರಸ್ಟಿಗೆ ನಾನು ಮತ್ತು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಟ್ರಸ್ಟಿಗಳು. ಮೈಸೂರಿನ ಮನೆಯ ಬಾಡಿಗೆ ಮತ್ತು ಠೇವಣಿಗಳ ಬಡ್ಡಿ ಅವರ ಪತ್ನಿಗೆ ಜೀವಮಾನವಿಡೀ ಸಲ್ಲಬೇಕು. ಅವರ ನಂತರ ಮೂಲ ಆಸ್ತಿ ಮಕ್ಕಳಿಬ್ಬರಿಗೆ ಸೇರಬೇಕು. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 17ನೇ ಕಲಂ ಫಲಾನುಭವಿಗಳ ನಡುವೆ ಪಕ್ಷಪಾತ ಕೂಡದೆನ್ನುತ್ತದೆ. ಆದರೆ ತಾಯಿಗೆ ಬೇಕಾದದ್ದು ಈ ತಿಂಗಳ ಆದಾಯ, ಮಕ್ಕಳಿಗೆ ಬೇಕಾದದ್ದು ಮುಂದೆಂದೋ ಉಳಿಯುವ ಆಸ್ತಿ.

ತಾರಸಿ ಸೋರತೊಡಗಿದಾಗ ಈ ಎರಡೂ ಎದುರುಬದುರಾದವು. ಖರ್ಚನ್ನು ಬಾಡಿಗೆಯಲ್ಲಿ ಕಳೆದರೆ ಔಷಧಿಗೆ ಏನುಳಿಯುತ್ತದೆ ಎಂದು ಸ್ನೇಹಿತರ ಪತ್ನಿ ಕೇಳಿದರು. "ಠೇವಣಿ ಮಾತ್ರ ಮುರಿಯಬೇಡಿ ಅಂಕಲ್" ಎಂದು ಮಗ ದೂರವಾಣಿಯಲ್ಲಿ ಪಟ್ಟು ಹಿಡಿದ. ಕಣ್ಣೆದುರು ಕಷ್ಟಪಡುವವರ ಕಡೆಗೆ ಮನಸ್ಸು ವಾಲುವುದು ಸಹಜ. ಅದಕ್ಕಾಗಿಯೇ ಯಾರಿಗೂ ಉತ್ತರಿಸುವ ಮೊದಲು ಟ್ರಸ್ಟ್ ಪತ್ರವನ್ನು ಮತ್ತೆ ಓದಿದೆ. ದುರಸ್ತಿ ವೆಚ್ಚದ ಹಂಚಿಕೆಯನ್ನು ಅದು ಟ್ರಸ್ಟಿಗಳ ವಿವೇಚನೆಗೆ ಬಿಟ್ಟಿತ್ತು. ಆಗ ನಾನು ಕೇಳಿಕೊಂಡದ್ದು, ಈ ಖರ್ಚಿನ ಫಲವನ್ನು ಯಾರು ಎಷ್ಟು ಕಾಲ ಉಣ್ಣುತ್ತಾರೆ ಎಂಬುದನ್ನು. ಬಣ್ಣ, ನಲ್ಲಿ, ಆಸ್ತಿ ತೆರಿಗೆ ಬಾಡಿಗೆಗೇ ಸೇರಿದವು. ಹೊಸದಾಗಿ ಹಾಸಿದ ತಾರಸಿಯಾದರೋ ಮಕ್ಕಳ ಕಾಲಕ್ಕೂ ಉಳಿಯುತ್ತದೆ, ಹಾಗೆಯೇ ಅದಿಲ್ಲದೆ ಬಾಡಿಗೆಯೂ ನಿಲ್ಲುತ್ತದೆ. ಆದ್ದರಿಂದ ಹೆಚ್ಚಿನ ಪಾಲನ್ನು ಮೂಲಧನದಿಂದ ಕೊಟ್ಟು, ಉಳಿದದ್ದನ್ನು ಔಷಧಿಯ ಖರ್ಚಿಗೆ ತೊಂದರೆಯಾಗದಂತೆ ಹಲವು ತಿಂಗಳ ಬಾಡಿಗೆಯಲ್ಲಿ ಕಳೆಯಲು ಇಬ್ಬರೂ ನಿರ್ಧರಿಸಿದೆವು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ತಾರಸಿ ಕೆಲಸದ ಗುತ್ತಿಗೆಯ ವಿಷಯ. ಕಟ್ಟಡದ ಕೆಲಸ ಮಾಡುವ ನನ್ನ ಸೋದರಳಿಯ ಕಡಿಮೆ ದರಕ್ಕೆ ಒಪ್ಪುತ್ತಿದ್ದ, ಹಣ ಉಳಿಸುವುದೂ ನನ್ನ ಕರ್ತವ್ಯವೇ. ಈ ತೀರ್ಮಾನವನ್ನು ಸಹಟ್ರಸ್ಟಿಗೆ ಬಿಟ್ಟು ದೂರ ನಿಲ್ಲೋಣವೆಂದರೆ, ಪತ್ರದಲ್ಲಿ ಬೇರೆ ಏರ್ಪಾಡಿಲ್ಲದಿದ್ದಲ್ಲಿ ಟ್ರಸ್ಟಿಗಳೆಲ್ಲರೂ ಕೂಡಿಯೇ ನಡೆಯಬೇಕೆಂದು 48ನೇ ಕಲಂ ಹೇಳುತ್ತದೆ. ಸಹಿ ಹಾಕುವ ಕೈ ನನ್ನದೇ ಆಗಿರುವಾಗ ದರ ಎಷ್ಟೇ ಕಡಿಮೆಯಿದ್ದರೂ ಫಲಾನುಭವಿಗಳು ಅದನ್ನು ಶಂಕೆಯಿಲ್ಲದೆ ನೋಡಲಾರರು. ಅವನಿಂದ ದರಪಟ್ಟಿಯನ್ನೇ ಪಡೆಯಲಿಲ್ಲ. ಕಾರಣವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿದೆ.

34ನೇ ಕಲಂ ಅಡಿ ನ್ಯಾಯಾಲಯದ ಸಲಹೆ ಕೇಳುವ ದಾರಿಯೂ ಇತ್ತು, ಆದರೆ ಒಂದು ತಾರಸಿಗಾಗಿ ಆ ಖರ್ಚನ್ನು ಟ್ರಸ್ಟಿನ ಮೇಲೆ ಹೊರಿಸಲು ನಮಗೆ ಮನಸ್ಸಾಗಲಿಲ್ಲ. ಲೆಕ್ಕ ಮತ್ತು ಕಾರಣಗಳಿದ್ದ ಒಂದೇ ಪತ್ರವನ್ನು ತಾಯಿಗೂ ಮಕ್ಕಳಿಗೂ ಕಳುಹಿಸಿದೆವು. ಮಗ ಲಿಖಿತವಾಗಿ ಆಕ್ಷೇಪಿಸಿದ. ಅದನ್ನೂ ನಡಾವಳಿಗೆ ಲಗತ್ತಿಸಿ ಕೆಲಸ ಆರಂಭಿಸಿದೆವು.