ಎದುರು ಕೂತಾಗ ಮಾತು ತಡವರಿಸುತ್ತಿದೆಯಾ? ಹೀಗೆ ಮಾಡಿ ನೋಡಿ
ಚಾಟ್‌ನಲ್ಲಿ ಗಂಟೆಗಟ್ಟಲೆ ಹರಟುವವರೂ ಎದುರು ಸಿಕ್ಕಾಗ ಮಾತಿಗೆ ತಡವರಿಸುತ್ತಾರೆ, ಗಮನಿಸಿದ್ದೀರಾ? ಟೈಪ್ ಮಾಡುವಾಗ ಬರೆದು, ಅಳಿಸಿ, ಮತ್ತೆ ಬರೆಯಲು ಸಮಯ ಇರುತ್ತದೆ. ಎದುರಾಬದುರು ಅದಿಲ್ಲ. 2009ರಲ್ಲಿ 10 ಭಾಷೆಗಳ ಮಾತುಕತೆ ಹೋಲಿಸಿದ ಅಧ್ಯಯನವೊಂದರಲ್ಲಿ, ಒಬ್ಬರು ಪ್ರಶ್ನೆ ಕೇಳಿ ಮುಗಿಸಿದ ಮೇಲೆ ಇನ್ನೊಬ್ಬರು ಉತ್ತರ ಶುರು ಮಾಡಲು ಸರಾಸರಿ ಸುಮಾರು 0.2 ಸೆಕೆಂಡ್ ಅಷ್ಟೇ ಹಿಡಿದಿತ್ತು. ಈ ಚುರುಕು ರೂಢಿ ತಪ್ಪಿದರೆ ಮೊಂಡಾಗುತ್ತದೆ ಅಂತ ನನಗನಿಸುತ್ತದೆ.

ಮೊದಲು ಫೋನ್ ಕಣ್ಣಿಗೆ ಬೀಳದ ಹಾಗೆ ಇಡಿ. ಮೇಜಿನ ಮೇಲೆ ಮಗುಚಿ ಇಟ್ಟರೆ ಸಾಲದು, ಬ್ಯಾಗಿಗೆ ಹಾಕಿ. ಆಮೇಲೆ, ಸ್ಟೇಟಸ್‌ನಲ್ಲಿ ನೋಡಿದ್ದನ್ನು "ಹಾಂ, ನೋಡಿದೆ" ಅಂತ ಅಲ್ಲಿಗೇ ಮುಗಿಸಬೇಡಿ, ಎಷ್ಟೋ ಮಾತು ಸಾಯುವುದೇ ಇಲ್ಲಿ. "ಫೋಟೋ ನೋಡಿದೆ, ಹೇಗಿತ್ತು ಹೇಳು" ಅಂತ ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ನಡುವೆ ಮಾತು ನಿಂತರೆ ನಿಲ್ಲಲಿ, ಆ ಗ್ಯಾಪ್ ತುಂಬೋಕೆ ಫೋನ್ ತೆಗೆಯಬೇಡಿ.

ನಾಚಿಕೆ ಸ್ವಭಾವದವರಿಗೆ ಚಾಟ್‌ನಿಂದ ಅನುಕೂಲವೂ ಇದೆ, ಅದನ್ನು ಬಿಡಿ ಅಂತ ಹೇಳುತ್ತಿಲ್ಲ. ಆದರೆ ಕ್ಷಮೆ ಕೇಳುವುದು, ಮನಸ್ತಾಪ ಬಗೆಹರಿಸುವುದು, ಇವನ್ನು ಮೆಸೇಜ್‌ನಲ್ಲಿ ಮಾಡಬೇಡಿ. ಭೇಟಿಯಾಗೋಕೆ ಆಗದಿದ್ದರೆ ಕಾಲ್ ಆದರೂ ಮಾಡಿ.

ಮಕ್ಕಳಿದ್ದರೆ ಇದನ್ನೂ ನೋಡಿ: ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಕ್ರೀನ್ ಇಲ್ಲದ ಶಿಬಿರದಲ್ಲಿ 5 ದಿನ ಕಳೆದ ಮಕ್ಕಳು ಬೇರೆಯವರ ಮುಖ ನೋಡಿ ಭಾವನೆ ಗುರುತಿಸುವುದರಲ್ಲಿ ಉಳಿದ ಮಕ್ಕಳಿಗಿಂತ ಜಾಸ್ತಿ ಸುಧಾರಿಸಿದ್ದರು. ರಜೆಯಲ್ಲಿ ಒಂದು ವಾರ ಮನೆಯಲ್ಲೇ ಪ್ರಯತ್ನಿಸಬಹುದು, ಅಲ್ವಾ? ದೊಡ್ಡವರ ಫೋನೂ ಬದಿಗಿರಬೇಕು ಮತ್ತೆ.